ಭಾವನ ಕಿವಿಪರೀಕ್ಷೆ

ನಮ್ಮ ಭಾವನ ಮನೆಗೆ ಹೋದವರಿಗೆ ಕುಡಿಯಲು ನೀರು ಸಿಗುವ ಮೊದಲೇ ಇಯರ್‌ಫೋನ್ ಸಿಗುತ್ತದೆ. ಒಂದಲ್ಲ, ಎರಡು ಜೊತೆ. ಒಂದು ಕಪ್ಪು, ಇನ್ನೊಂದು ಬೆಳ್ಳಿ ಬಣ್ಣದ್ದು. ಎರಡೂ ತನ್ನ ಬಳೆಗಳಿಗಿಂತ ದುಬಾರಿ ಎಂದು ಅಕ್ಕನ ದೂರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮಾರಬೇಕು. ಯಾವುದನ್ನು ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಭಾವ ಫ್ಯಾನ್ ಆರಿಸುತ್ತಾರೆ, ಕುಕ್ಕರ್ ಕೂಗದ ಹಾಗೆ ಒಲೆ ಸಣ್ಣ ಮಾಡಿಸುತ್ತಾರೆ, ಗೋಡೆ ಗಡಿಯಾರವನ್ನು ಇಳಿಸಿ ದಿಂಬಿನಡಿ ಮಲಗಿಸುತ್ತಾರೆ. "ಕಣ್ಣು ಮುಚ್ಕೊಳ್ಳಿ. ಕಪ್ಪುದ್ರಲ್ಲಿ ಡ್ರಮ್ಮು ಎದೆಗೇ ಬಡಿಯುತ್ತೆ, ಬೆಳ್ಳೀದ್ರಲ್ಲಿ ಹಾಡೋಳು ಉಸಿರೆಳೆಯೋದೂ ಕೇಳ್ಸುತ್ತೆ. ಈಗ ನೀವೇ ಹೇಳಿ," ಎಂದು ಉತ್ತರ ಹೇಳಿಕೊಟ್ಟೇ ಪ್ರಶ್ನೆ ಕೇಳುತ್ತಾರೆ. ನಲ್ಲಿ ರಿಪೇರಿಗೆ ಬಂದವನು "ಎರಡೂ ಒಂದೇ ಥರ ಇದೆ ಸಾರ್" ಎಂದ ದಿನ ಅವರಿಗೆ ಊಟ ಸೇರಲಿಲ್ಲ. ಕೊನೆಯ ತೀರ್ಪು ಮಾತ್ರ ಅವರ ತಾಯಿಯದು. ಪಕ್ಕದಲ್ಲೇ ನಿಂತು ಕೂಗಿದರೂ ಅಜ್ಜಿಗೆ ಅರ್ಧಂಬರ್ಧ ಕೇಳುತ್ತದೆ. ಆದರೂ ಭಾವ ದಿನಾ ಸಂಜೆ ಎದುರಿಗೆ ಸ್ಟೂಲು ಎಳೆದು ಕೂತು, ಆಕೆಯ ನರೆಗೂದಲನ್ನು ಹಿಂದಕ್ಕೆ ಸರಿಸಿ, ಕಿವಿಗೆ ಮೆಲ್ಲನೆ ಸಿಕ್ಕಿಸಿ, ಮುಖವನ್ನೇ ನೋಡುತ್ತಿರುತ್ತಾರೆ. ಅಜ್ಜಿ ಗಂಭೀರವಾಗಿ ತಲೆದೂಗಿ, "ನಾಳೆ ಇನ್ನೊಂದ್ಸಲ ಕೇಳ್ಸಪ್ಪ, ಆಮೇಲೆ ಹೇಳ್ತೀನಿ" ಎನ್ನುತ್ತಾರೆ. ಮೊನ್ನೆ ಭಾವ ಒಳಗೆ ಹೋದದ್ದೇ ತಡ, ಅಕ್ಕ ಅಜ್ಜಿಯ ಕಿವಿಯ ಬಳಿ ಬಾಗಿ, "ಅತ್ತೆ, ನಿಮಗೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ?" ಎಂದು ಗಟ್ಟಿಯಾಗಿ ಕೇಳಿದಳು. "ಅಯ್ಯೋ, ಎರಡರಲ್ಲೂ ಏನೂ ಕೇಳ್ಸಲ್ಲ ಕಣೆ," ಎಂದು ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಆದ್ರೆ ಇದು ಚೆನ್ನಾಗಿದೆ ಅಂತ ಒಂದನ್ನ ಹೇಳ್ಬಿಟ್ರೆ, ನಾಳೆಯಿಂದ ಅವನು ಹೀಗೆ ನನ್ನ ಮುಂದೆ ಬಂದು ಕೂರ್ತಾನಾ?"