ಗುಂಡಿನ ಸರ ಕರಗಿಸಿದ ಮೇಲೆ

ಕೋಗಿಲಿನ ಮುನಿಕೃಷ್ಣಮ್ಮನದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಗಂಡ ತೀರಿಕೊಂಡಾಗ ಉಳಿದದ್ದು ನಾಲ್ಕು ಕೊಪ್ಪರಿಗೆ, ಎರಡು ಜಮಖಾನ ಮತ್ತು ಇನ್ನೂ ಶಾಲೆಗೆ ಹೋಗುತ್ತಿದ್ದ ಮಗಳು ಮಾಲಾ. ಇವತ್ತು ಚಿಕ್ಕಜಾಲದ ಕಡೆ ಯಾರ ಮನೆಯಲ್ಲಿ ಗೃಹಪ್ರವೇಶವಾದರೂ ಅವಳ ಹಳದಿ ಶಾಮಿಯಾನವೇ ಎದ್ದಿರುತ್ತದೆ.

ಇಷ್ಟಕ್ಕೂ ಬಂಡವಾಳ ಒಂದೇ, ತವರಿನಿಂದ ಬಂದ ಚಿನ್ನದ ಗುಂಡಿನ ಸರ. ಧನುರ್ಮಾಸದಲ್ಲಿ ಮದುವೆಗಳಿರುವುದಿಲ್ಲ. ಆಗ ಸರವನ್ನು ಯಲಹಂಕದ ಬ್ಯಾಂಕಿನಲ್ಲಿ ಅಡವಿಟ್ಟು ಹರಿದ ಬಟ್ಟೆ, ಮುರಿದ ಕುರ್ಚಿ ಬದಲಾಯಿಸುತ್ತಿದ್ದಳು. ಮದುವೆಗಳು ಮುಗಿಯುವ ಹೊತ್ತಿಗೆ ಬಿಡಿಸಿಕೊಳ್ಳುತ್ತಿದ್ದಳು. ಇಪ್ಪತ್ತೊಂದು ವರ್ಷ ಹೀಗೇ ನಡೆಯಿತು.

ತಕರಾರು ಇದ್ದದ್ದು ತೂಕದ್ದು. ಬ್ಯಾಂಕಿನಲ್ಲಿ ಚಿನ್ನ ಪರೀಕ್ಷೆ ಮಾಡುವ ಚನ್ನಕೇಶವಾಚಾರಿ ಪ್ರತಿ ಸಲವೂ ಗುಂಡನ್ನು ಬೆರಳಲ್ಲಿ ಉರುಳಿಸಿ, "ಒಳಗೆ ಅರಗು ತುಂಬಿದೆ ಕಣಮ್ಮ" ಎಂದು ಇಷ್ಟಿಷ್ಟು ಕಳೆಯುತ್ತಿದ್ದರು. ಹೋದ ವರ್ಷ ಅರವತ್ತೆರಡು ಗ್ರಾಂ ತೂಗಿದ ಸರಕ್ಕೆ ನಲವತ್ತೆಂಟೇ ಬರೆದರು. ಮುನಿಕೃಷ್ಣಮ್ಮ ಬ್ಯಾಂಕಿನಲ್ಲೇ ಜಗಳ ಆಡಿದಳು. "ನಮ್ಮಮ್ಮ ಏನು ಅರಗು ಮಾಡಿಸ್ಕೊಟ್ಟಳಾ?" ಎಂದು ಕೇಳಿದಳು. ಆಚಾರಿ ಕನ್ನಡಕ ಒರೆಸಿಕೊಂಡರೇ ಹೊರತು ಅಂಕಿ ಬದಲಾಯಿಸಲಿಲ್ಲ.

ಈ ಸಲ ಧನುರ್ಮಾಸ ಮುಗಿದ ಕೂಡಲೇ ನಡೆಯುವ ಚಿಕ್ಕಜಾಲದ ದೊಡ್ಡ ಮದುವೆಯೊಂದು ಒಪ್ಪಿಗೆಯಾಗಿತ್ತು. ಅವರಿಗೆ ಅರವತ್ತು ಸ್ಟೀಲ್ ಟೇಬಲ್ ಬೇಕಿತ್ತು, ಅವಳ ಬಳಿ ಇದ್ದದ್ದು ಇಪ್ಪತ್ತು. ಆಚಾರಿಯ ಬಾಯಿ ಒಂದೇ ಸಲಕ್ಕೆ ಮುಚ್ಚಿಸಬೇಕೆಂದು ಅವಳು ಸರ ಕರಗಿಸಿ ಶುದ್ಧ ಮಾಡಿಸಲು ನಗರ್ತಪೇಟೆಯ ಚಿನ್ನದಂಗಡಿಗೆ ಹೊರಟಳು. ಮಾಲಾ ಬೇಡವೆಂದು ಗೋಗರೆದಳು. "ಅಜ್ಜಿ ಸರ ಕಣಮ್ಮ, ಅದೊಂದೇ ಇರೋದು." ಮುನಿಕೃಷ್ಣಮ್ಮ ಕೇಳಲಿಲ್ಲ. ಮೂಸೆಯಲ್ಲಿ ಗುಂಡುಗಳು ಒಂದೊಂದಾಗಿ ಕುಸಿದು ಕರಗುವಾಗ ಮಾತ್ರ ಮುಖ ತಿರುಗಿಸಿಕೊಂಡಳು. ಶುದ್ಧ ಮಾಡಿದ ಮೇಲೆ ಐವತ್ತೆರಡು ಗ್ರಾಂ ಅಪ್ಪಟ ಚಿನ್ನದ ಬಿಸ್ಕತ್ತು, ಜೊತೆಗೊಂದು ಸರ್ಟಿಫಿಕೇಟು ಕೈಗೆ ಬಂತು. ಆಚಾರಿ ಬರೆದದ್ದಕ್ಕಿಂತ ನಾಲ್ಕು ಗ್ರಾಂ ಹೆಚ್ಚು! ಬಸ್ಸಿನಲ್ಲಿ ಕೂತು ಅದನ್ನೇ ಲೆಕ್ಕ ಹಾಕುತ್ತ ಬಂದಳು.

ಮರುದಿನ ಬ್ಯಾಂಕಿನಲ್ಲಿ ಬಿಸ್ಕತ್ತು ಮೇಜಿನ ಮೇಲಿಟ್ಟಳು. ಆಚಾರಿ ಉಜ್ಜಿ ನೋಡಿ, "ಒಳ್ಳೇ ಚಿನ್ನ, ಒಂದು ಚೂರೂ ಬೆರಕೆ ಇಲ್ಲ" ಎಂದರು. ಮ್ಯಾನೇಜರ್ ಶಾಂತಲಾ ನೋಡಿ ಆಗದೆಂದು ತಲೆಯಾಡಿಸಿದರು.

"ಇದರ ಮೇಲೆ ಸಾಲ ಕೊಡೋ ಹಾಗಿಲ್ಲ, ಮುನಿಕೃಷ್ಣಮ್ಮೋರೆ."

"ಯಾಕ್ ಮೇಡಮ್? ಆಚಾರ್ರೇ ಹೇಳಿದ್ರಲ್ಲ, ಅಪ್ಪಟ ಅಂತ!"

"ಚಿನ್ನ ಸರಿಯಾಗೇ ಇದೆ. ಆದ್ರೆ ಬಿಸ್ಕತ್ತು, ಗಟ್ಟಿ ಮೇಲೆ ಸಾಲ ಕೊಡ್ಬಾರ್ದು ಅಂತ ರಿಸರ್ವ್ ಬ್ಯಾಂಕ್ ನಿಯಮ. ಒಡವೆ ಆಗಿದ್ರೆ ಕೊಡ್ತಿದ್ವಿ."

"ಹೋದ್ ವರ್ಷ ಒಡವೇನೇ ತಂದಿದ್ದೆ. ಅರಗು ಅಂದ್ರಿ. ಅರಗು ತೆಗ್ಸಿ ತಂದ್ರೆ ಒಡವೆ ಅಲ್ಲ ಅಂತೀರ. ಇದೇ ಚಿನ್ನ ಅಲ್ವಾ ಅದು?"

ಶಾಂತಲಾ ಬೇಸರಿಸಿಕೊಳ್ಳದೆ ವಿವರಿಸಿದರು. ಬಿಸ್ಕತ್ತು ಇಟ್ಟು ಸಾಲ ತೆಗೆದು, ಆ ದುಡ್ಡಲ್ಲಿ ಮತ್ತೆ ಬಿಸ್ಕತ್ತು ಕೊಂಡು, ಅದನ್ನೂ ಅಡವಿಡುವವರಿದ್ದಾರೆ. ಬ್ಯಾಂಕಿನ ಹಣವೆಲ್ಲ ಚಿನ್ನದ ಜೂಜಿಗೆ ಹೋಗಬಾರದೆಂದು ಈ ನಿಯಮ. ಮನೆಯ ಒಡವೆಯನ್ನು ಜನ ಕಷ್ಟಕ್ಕೆ ಅಡವಿಡುತ್ತಾರೆ, ಅದು ಬೇರೆ.

"ನಾನು ಜೂಜಾಡೋಳ ಥರ ಕಾಣ್ತೀನಾ? ಟೇಬಲ್ ತಗೊಳ್ಳೋಕೆ ಬಂದಿರೋದು ಮೇಡಮ್, ಟೇಬಲ್!"

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅವಳು ಬಿಸ್ಕತ್ತು ಸೆರಗಿಗೆ ಗಂಟು ಹಾಕಿಕೊಂಡು ಆಚೆ ಬಂದಳು. ಯಶವಂತಪುರದ ಗಿರವಿ ಅಂಗಡಿಯವನು ಇಟ್ಟುಕೊಳ್ಳಲು ಒಪ್ಪಿದ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ಬೇಡವೆಂದು ಎದ್ದಳು. ಬಿಸ್ಕತ್ತನ್ನು ಮತ್ತೆ ಒಡವೆಯಾಗಿಸಲು ಬಳೆ ಮಾಡಿಸುವುದೊಂದೇ ದಾರಿ. ಆಚಾರಿಯನ್ನೇ ಕೇಳಿದರೆ, "ನಾನೇ ಮಾಡಿ ನಾನೇ ಪರೀಕ್ಷೆ ಮಾಡೋ ಹಾಗಿಲ್ಲಮ್ಮ" ಎಂದು ಆರ್.ಟಿ. ನಗರದ ಅಕ್ಕಸಾಲಿಯೊಬ್ಬನ ವಿಳಾಸ ಕೊಟ್ಟರು.

ಅಕ್ಕಸಾಲಿ ಬಿಸ್ಕತ್ತು ತೂಗಿ, "ಅಪ್ಪಟದಲ್ಲಿ ಬಳೆ ನಿಲ್ಲಲ್ಲ ಅಕ್ಕ, ತಾಮ್ರ ಸೇರಿಸ್ಬೇಕು" ಎಂದ.

"ಈಗಿನ್ನೂ ಕಾಸು ಕೊಟ್ಟು ಬೆರಕೆ ತೆಗ್ಸಿದೀನಲ್ಲಪ್ಪ!" ಎಂದು ಮುನಿಕೃಷ್ಣಮ್ಮ ಅಂಗಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಅಮ್ಮನ ಸರ ನೆನಪಾಗಿ ಅಲ್ಲಿ ಅವಳಿಗೆ ಅಳು ಬಂತು. ಅಕ್ಕಸಾಲಿ ನೀರು ತಂದುಕೊಟ್ಟ. ಕೂಲಿ, ಸವಕಳಿ ಎಂದು ಇಪ್ಪತ್ತು ಸಾವಿರದ ಮೇಲೆ ಹೋಯಿತು. ಬಳೆ ಕೈಗೆ ಬರಲು ಹನ್ನೆರಡು ದಿನ ಬೇಕಾಯಿತು.

ಅಷ್ಟರಲ್ಲಿ ಮದುವೆ ಮುಗಿದಿತ್ತು. ಮಾತು ಕೊಟ್ಟಿದ್ದರಿಂದ ಹೆಬ್ಬಾಳದ ರಹಮತುಲ್ಲಾನ ಗೋಡೌನಿನಿಂದ ನಲವತ್ತು ಟೇಬಲ್ ಬಾಡಿಗೆಗೆ ತಂದು ಹಾಕಿಸಿದಳು. ಅವನೂ ಅದೇ ವ್ಯಾಪಾರದವನು, ಎಷ್ಟೋ ಮದುವೆಗಳಲ್ಲಿ ಅವಳಿಗೆ ಎದುರಾಳಿ. ಕಷ್ಟ ಕೇಳಿ ಅರ್ಧ ಬಾಡಿಗೆ ಸಾಕೆಂದ. ಆದರೂ ಆ ಮದುವೆಯಿಂದ ಅವಳ ಕೈಯಲ್ಲಿ ಏನೂ ನಿಲ್ಲಲಿಲ್ಲ.

ಬಳೆ ತಂದಾಗ ಶಾಂತಲಾ ಒಂದು ಕಾಗದ ಮುಂದಿಟ್ಟರು. ಒಡವೆ ನನ್ನದೇ ಎಂದು ಬರೆದು ಸಹಿ ಮಾಡಬೇಕಿತ್ತು. "ಹಳೇ ಚಿನ್ನದ ರಸೀದಿ ಏನಾದ್ರೂ ಇದ್ಯಾ?"

"ನಮ್ಮಮ್ಮ ರಸೀದಿ ಕೊಟ್ಟು ಕಳಿಸ್ಲಿಲ್ಲ ಮೇಡಮ್. ಕುಂಕುಮ ಕೊಟ್ಟು ಕಳಿಸಿದ್ಲು."

ಶಾಂತಲಾ ಪೆನ್ನನ್ನು ಅವಳ ಕಡೆ ಸರಿಸಿದರು. "ಸಹಿ ಹಾಕಿ, ಸಾಕು." ಅವತ್ತು ಮಧ್ಯಾಹ್ನವೇ ಸಾಲ ಸಿಕ್ಕಿತು.

ಟೇಬಲ್ ಬಂದವು. ಮಾಘದಿಂದ ಜ್ಯೇಷ್ಠದವರೆಗೆ ಒಂದು ದಿನವೂ ಖಾಲಿ ಕೂರಲಿಲ್ಲ. ಸಾಲ ತೀರಿಸಿ ಬಳೆ ಬಿಡಿಸಿಕೊಂಡ ದಿನ ಮಾಲಾ ಅವನ್ನು ಕೈಗೆ ಹಾಕಿಕೊಂಡು ನೋಡಿದಳು. "ಚೆನ್ನಾಗಿವೆ" ಎಂದಳು, ಆದರೆ ಬೇಗ ತೆಗೆದಿಟ್ಟಳು. ಅಜ್ಜಿಯ ಸರ ಇಡುತ್ತಿದ್ದ ಡಬ್ಬಿಗೇ ಅವು ಹೋದವು.

ಈಗ ಬ್ಯಾಂಕಿನ ಸಾಲಿನಲ್ಲಿ ಯಾರಾದರೂ ಹಳೆಯ ಒಡವೆ ಹಿಡಿದು ನಿಂತಿದ್ದರೆ ಮುನಿಕೃಷ್ಣಮ್ಮ ಸುಮ್ಮನಿರುವುದಿಲ್ಲ. "ಏನ್ ಕಳೆದ್ರೂ ಕಳೀಲಿ, ಕರಗಿಸ್ಬೇಡ ಕಣಮ್ಮ. ಮೊದ್ಲು ಒಳಗೋಗಿ ಕೇಳು" ಎನ್ನುತ್ತಾಳೆ. ಆಚಾರಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ.