ಕಿವಿ ಮಾತ್ರ ಇದ್ದ ರೇಡಿಯೋ

ಪುಟ್ಟಿ, ಚಿನ್ನು,

ಎರಡು ಬೇಸಿಗೆಯ ಹಿಂದೆ ಪಪ್ಪನ ಜೊತೆ ದೋಣಿಯಲ್ಲಿ ಹೋಗಿ ಸರೋವರದ ನಡುವೆ ನಿಂತುಬಿಟ್ಟ ಕತೆಯನ್ನು ನೀವಿಬ್ಬರೂ ಮನೆಗೆ ಬಂದವರಿಗೆಲ್ಲ ಹೇಳುತ್ತೀರಿ. ದೋಣಿಯ ಎಂಜಿನ್ ಕೆಟ್ಟಿತು, ಪಪ್ಪ ಕರೆದರು, ಅಮ್ಮಮ್ಮನ ರೇಡಿಯೋ ಕೂಡ ಕೆಟ್ಟಿತ್ತು, ಅದಕ್ಕೇ ಯಾರೂ ಬರಲಿಲ್ಲ ಎಂದು. ನೀವು ಇದನ್ನು ಹೇಳುವಾಗ ನಾನು ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಯಾಕೆಂದರೆ ರೇಡಿಯೋ ಕೆಟ್ಟಿರಲಿಲ್ಲ. ಇದು ನಿಮ್ಮ ಪಪ್ಪನಿಗೆ ಗೊತ್ತು, ಅಮ್ಮನಿಗೂ ಗೊತ್ತು. ಅಂದು ದೋಣಿಯಲ್ಲಿ ಕೂತು ನಡುಗಿದವರು ನೀವು, ನಿಮಗೇ ಇನ್ನೂ ಹೇಳಿಲ್ಲ. ಎದುರು ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆದರೆ ಹೇಗೋ ಮುಗಿಸಬಹುದು.

ಆ ರೇಡಿಯೋ ಮನೆಗೆ ಬಂದದ್ದು ಅದರ ಹಿಂದಿನ ಚಳಿಗಾಲದ ಗಾಳಿಯಿಂದ. ಮರ ಬಿದ್ದು ಕರೆಂಟು ಹೋಯಿತು. ಸ್ವೀಡನ್ನಿನ ನಮ್ಮ ಈ ವೆಸ್ಟೆರಾಸಿನಲ್ಲಿ ನಾನು ಕರೆಂಟು ಹೋದದ್ದು ನೋಡಿದ್ದು ಅದೇ ಮೊದಲು. ನನಗೇನೂ ಅನ್ನಿಸಲಿಲ್ಲ, ಮೇಣದ ಬತ್ತಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಮೊಬೈಲಿನ ಸಿಗ್ನಲ್ಲೂ ಹೋದಾಗ ಮಾತ್ರ ನಿಮ್ಮ ಪಪ್ಪ ಮನೆಯಲ್ಲಿ ಆ ಕಡೆಯಿಂದ ಈ ಕಡೆ ನಡೆಯತೊಡಗಿದರು. "ಊರಲ್ಲಿ ಏನು ನಡೀತಿದೆ ಅಂತ ಗೊತ್ತಾಗೋಕೆ ಮನೇಲಿ ಒಂದು ರೇಡಿಯೋನೂ ಇಲ್ವಲ್ಲ!" ಎಂದರು. ಕರೆಂಟು ಬಂದ ಮೇಲೆ ಕಂಪ್ಯೂಟರಿನ ಮುಂದೆ ಕೂತವರು, ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಎಂಬುದನ್ನು ಪತ್ತೆಮಾಡಿಕೊಂಡೇ ಎದ್ದರು.

ಸಾಮಾನ್ಯ ರೇಡಿಯೋದಲ್ಲಿ ನಾವೇ ಸ್ಟೇಷನ್ ಹುಡುಕಬೇಕು. ಸ್ಕ್ಯಾನರ್ ಹಾಗಲ್ಲ. ಅದು ತಾನೇ ಒಂದೊಂದು ಚಾನೆಲ್ಲಿಗೂ ಹೋಗಿ ಇಣುಕಿ ನೋಡುತ್ತದೆ. ಯಾರಾದರೂ ಮಾತಾಡುತ್ತಿದ್ದರೆ ಅಲ್ಲಿ ನಿಂತು ಕೇಳಿಸುತ್ತದೆ, ಮಾತು ಮುಗಿದರೆ ಮುಂದಿನ ಬಾಗಿಲಿಗೆ ಹೋಗುತ್ತದೆ. ದೋಣಿಯವರ ಮಾತು, ವಿಮಾನದವರ ಮಾತು, ಚಳಿಗೆ ಮುಂಚೆ ಕಾಡಿಗೆ ಹೋಗುವ ಬೇಟೆಗಾರರ ಮಾತು, ಎಲ್ಲ ಅದಕ್ಕೆ ಕೇಳುತ್ತದೆ. ತಿರುಗಿ ಉತ್ತರ ಕೊಡಲು ಮಾತ್ರ ಬರುವುದಿಲ್ಲ.

"ಕಿವಿ ಮಾತ್ರ ಇದೆ, ಬಾಯಿಲ್ಲ. ಅತ್ತೆಗೆ ಅಂತಾನೇ ಮಾಡಿದ ಹಾಗಿದೆ" ಎಂದು ನಿಮ್ಮ ಪಪ್ಪ ನಕ್ಕರು.

ಅವರು ಹೀಗೆ ತಮಾಷೆ ಮಾಡುವುದಕ್ಕೆ ಕಾರಣವಿತ್ತು. ನಮ್ಮ ಕರಾವಳಿಯ ಮನೆಯಲ್ಲಿ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ನನ್ನ ಅಮ್ಮ ನಿಮ್ಮ ಅಜ್ಜನಿಗೆ ಏನಾದರೂ ಹೇಳಬೇಕಾದರೆ ಬಾಗಿಲ ಹಿಂದೆ ನಿಂತು ನನಗೆ ಹೇಳುತ್ತಿದ್ದಳು. ನಾನೂ ಹಾಗೆಯೇ. ಇಲ್ಲಿಗೆ ಬಂದು ಮೂರು ವರ್ಷವಾಗಿತ್ತು, "ಊಟಕ್ಕೆ ಬನ್ನಿ" ಎನ್ನುವುದನ್ನು ಬಿಟ್ಟರೆ ಉಳಿದದ್ದೆಲ್ಲ ಪುಟ್ಟಿಯ ಮೂಲಕ. "ಪಪ್ಪನಿಗೆ ಹೇಳು, ಸಾರು ಬಿಸಿಯಿದೆ." ಪುಟ್ಟಿ ಅದನ್ನು ಸ್ವೀಡಿಶಿನಲ್ಲಿ ಕೂಗುತ್ತಿದ್ದಳು. ಅವರು ಒಂದು ಮಾರು ದೂರದಲ್ಲಿ ಕೂತು ನನ್ನ ಕನ್ನಡವನ್ನು ಮೊದಲೇ ಕೇಳಿಸಿಕೊಂಡಿರುತ್ತಿದ್ದರು.

ರೇಡಿಯೋ ಕೊಳ್ಳಲು ಎಲ್ಲರೂ ಹೋದೆವು. ಅಂಗಡಿಯವನು ನಿಧಾನದ ಮನುಷ್ಯ. ಮೇಜಿನ ಮೇಲೆ ಮೂರು ಯಂತ್ರ ಇಟ್ಟ. ನಿಮ್ಮ ಪಪ್ಪನ ಕಣ್ಣು ಎಲ್ಲಕ್ಕಿಂತ ದೊಡ್ಡ ಪರದೆಯದರ ಮೇಲೆ. ಪೊಲೀಸರದು, ಆಂಬುಲೆನ್ಸಿನದು ಕೇಳಬಹುದಲ್ಲ ಎಂದು ಕೇಳಿದರು. ಅಂಗಡಿಯವನು ಇಲ್ಲವೆಂದು ತಲೆಯಾಡಿಸಿದ. ಈ ದೇಶದಲ್ಲಿ ಅವರ ಮಾತಿಗೆ ಬೀಗ ಹಾಕಿರುತ್ತಾರೆ, ಯಾವ ಯಂತ್ರ ಕೊಂಡರೂ ಕೇಳುವುದಿಲ್ಲ, ಆ ಆಸೆಯಿಂದ ಕೊಳ್ಳಬೇಡಿ ಎಂದ. ಅಪಾಯ ಬಂದಾಗ ಜನರಿಗೆ ಹೇಳುವ ಸುದ್ದಿ ಸಾಮಾನ್ಯ ಎಫ್‌ಎಂ ರೇಡಿಯೋದಲ್ಲೇ ಬರುತ್ತದೆ, ಹಾಗಾಗಿ ಎಫ್‌ಎಂ ಕೂಡ ಹಿಡಿಯುವಂಥದ್ದನ್ನು ತೆಗೆದುಕೊಳ್ಳಿ ಎಂದ. ಬೇರೆಯವರ ಮಾತು ಕಿವಿಗೆ ಬಿದ್ದರೆ ಬೀಳಲಿ, ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ ಎಂದೂ ಹೇಳಿದ. ನಿಮ್ಮ ಅಮ್ಮ ಒಂದೊಂದನ್ನೂ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ನಾನು ಚಿಕ್ಕದನ್ನು ಕೈಗೆ ತೆಗೆದುಕೊಂಡೆ. ಹಿಂದಿನ ಮುಚ್ಚಳ ತೆಗೆದರೆ ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲುಗಳು. ದೊಡ್ಡದರಲ್ಲಿ ಒಳಗೇ ಇರುವ ಬ್ಯಾಟರಿ, ಚಾರ್ಜಿಗೆ ಹಾಕಬೇಕು. ಕರೆಂಟಿಲ್ಲದ ದಿನಕ್ಕೆಂದು ಕೊಳ್ಳುವುದಕ್ಕೆ ಕರೆಂಟೇ ಬೇಕಾದರೆ ಹೇಗೆ? ಚಿಕ್ಕದರ ತಲೆಯ ಮೇಲೆ ಎರಡು ನಾಬುಗಳಿದ್ದವು, ಕೈಗವಸು ಹಾಕಿಕೊಂಡೂ ತಿರುಗಿಸಬಹುದು. "ಪಪ್ಪನಿಗೆ ಹೇಳು, ಇದು ಸಾಕು" ಎಂದೆ.

"ಅಮ್ಮ, ನಿಂಗೆ ಇದೆಲ್ಲ ಹೇಗೆ ಗೊತ್ತು?" ಎಂದಳು ನಿಮ್ಮ ಅಮ್ಮ.

ಅಂಗಡಿಯವನು ನಮಗೆ ಬೇಕಾದ ಏಳು ಚಾನೆಲ್ಲುಗಳನ್ನು ತುಂಬಿಕೊಟ್ಟ. ಒಂದನೆಯದು ವಿಮಾನ ನಿಲ್ದಾಣದ್ದು, ಏಳನೆಯದು ನಮ್ಮ ದೋಣಿಯದು. ಎರಡು ನಾಬುಗಳಲ್ಲಿ ಒಂದು ದನಿ ಹೆಚ್ಚು ಕಡಿಮೆ ಮಾಡಲು. ಇನ್ನೊಂದು, ಯಾರೂ ಮಾತಾಡದಿರುವಾಗ ಬರುವ ಸೊಯ್ಯೆನ್ನುವ ಸದ್ದನ್ನು ತಡೆಯಲು. ಅದನ್ನು ಇಷ್ಟಕ್ಕೇ ಬಿಡಿ, ಪೂರ್ತಿ ಬಿಚ್ಚಿದರೆ ಯಂತ್ರ ಆ ಸದ್ದನ್ನೇ ಮಾತು ಎಂದುಕೊಂಡು ಒಂದೇ ಕಡೆ ನಿಂತುಬಿಡುತ್ತದೆ ಎಂದ. ನಿಮ್ಮ ಅಮ್ಮ ಇದನ್ನೂ ಹೇಳಿದಳು. ನಾನು ಹೂಂ ಎಂದೆ.

ಆ ಹೂಂ ಹೇಗೆ ಸುಳ್ಳಾಯಿತು ಎಂಬುದು ತಿಳಿಯಬೇಕಾದರೆ ನಿಮ್ಮ ಅಜ್ಜನ ವಿಷಯ ಹೇಳಬೇಕು. ಅವರು ಟ್ರಾಲ್ ಬೋಟಿನ ತಾಂಡೇಲ. ಬೋಟು ನಡೆಸುವವರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಮೀನಿಗೆ ಹೋದರೆ ಹತ್ತು ದಿನ ಮನೆಗಿಲ್ಲ. ಬಂದರಿನ ಪಕ್ಕ ಬೋಟಿನ ಮಾಲೀಕರ ಶೆಡ್ಡಿನಲ್ಲಿ ಒಂದು ವಯರ್‌ಲೆಸ್ ಇತ್ತು. ಸಂಜೆಗೆ ಮುಂಚೆ ಹೆಂಗಸರು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆವು. ಬೇರೆಯವರು "ನಮ್ಮವರದ್ದು ಏನಾದ್ರೂ ಬಂತಾ?" ಎಂದು ವಯರ್‌ಲೆಸ್ಸಿನವನನ್ನು ಜೋರಾಗಿ ಕೇಳುತ್ತಿದ್ದರು. ನಾನು ಏಳನೆಯ ಕ್ಲಾಸು ಮುಗಿಸಿ ಮದುವೆಯಾಗಿ ಬಂದವಳು, ಒಂದು ದಿನವೂ ಕೇಳಲಿಲ್ಲ. ಸುಮ್ಮನೆ ಆ ಪೆಟ್ಟಿಗೆಯ ಸೊಯ್ ಸದ್ದು ಕೇಳುತ್ತಿದ್ದೆ. ಸದ್ದು ಇದೆಯೆಂದರೆ ಪೆಟ್ಟಿಗೆ ಬದುಕಿದೆ, ಆ ಕಡೆ ಸಮುದ್ರವಿದೆ, ಕರೆಯುವುದಿದ್ದರೆ ಕರೆಯುತ್ತಾರೆ. ಬ್ಯಾಟರಿ ಮುಗಿದು ಸದ್ದು ನಿಂತರೆ ಬೆಂಚಿನವರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ನಿಮ್ಮ ಅಜ್ಜನಿಗೆ ಸಮುದ್ರದಲ್ಲಿ ಏನೂ ಆಗಲಿಲ್ಲ, ಕಾಯಿಲೆ ಬಂದು ಮನೆಯ ಮಂಚದ ಮೇಲೆ ತೀರಿಕೊಂಡರು. ಆದರೂ ಸದ್ದಿಲ್ಲದ ರೇಡಿಯೋ ಎಂದರೆ ನನಗೆ ಸತ್ತ ರೇಡಿಯೋ.

ಆ ಶನಿವಾರ ನಿಮ್ಮ ಅಮ್ಮ ಕೆಲಸದ ಮೇಲೆ ರೈಲಿನಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿದ್ದಳು. ಬಿಸಿಲು ಚೆನ್ನಾಗಿತ್ತು. ಪಪ್ಪ ನಿಮ್ಮಿಬ್ಬರನ್ನು ಕರೆದುಕೊಂಡು ದೋಣಿಯಲ್ಲಿ ನಡುಗಡ್ಡೆಗೆ ಹೊರಟರು. ದೋಣಿಯಲ್ಲಿ ಆ ಏಳನೆಯ ಚಾನೆಲ್ಲಿನಲ್ಲಿ ಮಾತ್ರ ಮಾತಾಡುವ ಚಿಕ್ಕ ರೇಡಿಯೋ ಮೊದಲಿನಿಂದಲೂ ಇತ್ತು. "ಅತ್ತೆ, ಏನಾದ್ರೂ ಆದ್ರೆ ಮಾತ್ರ ಕರೀತೀನಿ. ಕೇಳಿಸಿದ್ರೆ ನಿಮ್ಮ ಮಗಳಿಗೆ ಫೋನ್ ಮಾಡಿ. ದೋಣಿ ಕ್ಲಬ್ಬಿನವರಿಗೆ ಅವಳು ಹೇಳ್ತಾಳೆ" ಎಂದರು. ನಾನು ಪುಟ್ಟಿಯ ಕಡೆ ನೋಡಿ "ಆಯ್ತು ಅಂತ ಹೇಳು" ಎಂದೆ.

ನೀವು ಹೋದ ಮೇಲೆ ರೇಡಿಯೋವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಬೀನ್ಸ್ ಹೆಚ್ಚತೊಡಗಿದೆ. ಸದ್ದೇ ಇಲ್ಲ. ಎರಡು ಸಲ ಎದ್ದು ಅದರ ದೀಪ ಉರಿಯುತ್ತಿದೆಯೇ ಎಂದು ನೋಡಿದೆ. ಮೂರನೆಯ ಸಲ ತಡೆಯಲಾಗಲಿಲ್ಲ, ಆ ನಾಬನ್ನು ಪೂರ್ತಿ ಬಿಚ್ಚಿದೆ. ಸೊಯ್ ಎಂದಿತು. ನನ್ನ ಉಸಿರು ಸರಿಯಾಯಿತು. ನಡುವೆ ಎರಡು ಸಲ ಯಾರೋ ಗಂಡಸು ಇಂಗ್ಲಿಷಿನಲ್ಲಿ ಏನೋ ಹೇಳಿದ. ಯಂತ್ರ ಎಲ್ಲ ಕಡೆ ಹೋಗಿ ಬರುತ್ತಿದೆ ಎಂದುಕೊಂಡೆ. ಪಲ್ಯ ಮಾಡಿದೆ, ನಿಮ್ಮ ಬಟ್ಟೆ ಮಡಿಸಿದೆ. ಇಷ್ಟು ನೆಮ್ಮದಿಯ ಮಧ್ಯಾಹ್ನ ಈ ದೇಶದಲ್ಲಿ ನನಗೆ ಹೆಚ್ಚು ಸಿಕ್ಕಿರಲಿಲ್ಲ.

ಅದೇ ಹೊತ್ತಿಗೆ ಎಂಜಿನ್ ನಿಂತು, ಗಾಳಿ ತಿರುಗಿ, ಪಪ್ಪ ಲಂಗರು ಹಾಕಿ ನನ್ನನ್ನು ಕರೆಯುತ್ತಿದ್ದರು. ಅವರ ಮೊಬೈಲಿನಲ್ಲಿ ನೀವಿಬ್ಬರೂ ಕಾರ್ಟೂನ್ ನೋಡಿ ಬ್ಯಾಟರಿ ಮುಗಿಸಿದ್ದಿರಿ, ಅಷ್ಟು ಮಾತ್ರ ನಿಮ್ಮ ಪಾಲಿನದು. ಎರಡು ಗಂಟೆ ಕಳೆದ ಮೇಲೆ ಹಾಯಿದೋಣಿಯಲ್ಲಿ ಬಂದ ಗಂಡಹೆಂಡತಿ ನೋಡಿ ಹಗ್ಗ ಕಟ್ಟಿ ಎಳೆದು ತಂದರು. ಅಲೆಯ ನೀರು ಸಿಡಿದು ಚಿನ್ನು ಪೂರ್ತಿ ಒದ್ದೆ. ಬಾಗಿಲು ತೆಗೆದಾಗ ಅವನ ತುಟಿ ನೀಲಿಯಾಗಿತ್ತು. ಎರಡು ದಿನ ಜ್ವರ.

"ಎಷ್ಟು ಸಲ ಕರೆದೆ ಅತ್ತೆ! ಏನೂ ಬರಲಿಲ್ವಾ?"

"ಪಪ್ಪನಿಗೆ ಹೇಳು ಪುಟ್ಟಿ, ಏನೂ ಬರಲಿಲ್ಲ" ಎಂದೆ. ಪುಟ್ಟಿ ಹಲ್ಲು ಕಟಕಟಿಸುತ್ತಲೇ ಹೇಳಿದಳು.

ನಿಮಗೆ ಬಿಸಿನೀರು ಹಾಕಿ ಮಲಗಿಸಿದ ಮೇಲೆ ಕಿಟಕಿಯ ಹತ್ತಿರ ಹೋದೆ. ಪರದೆಯ ಮೇಲೆ ಒಂದು ಎಂಬ ಅಂಕಿ ನಿಂತಿತ್ತು. ಒಂದು ಎಂದರೆ ವಿಮಾನ ನಿಲ್ದಾಣ. ಇಡೀ ಮಧ್ಯಾಹ್ನ ಅದು ಅಲ್ಲೇ ನಿಂತಿತ್ತು. ಅಂಗಡಿಯವನ ಮಾತು ಆಗ ನನಗೆ ಪೂರ್ತಿ ಅರ್ಥವಾಯಿತು. ಮಕ್ಕಳೇ, ನಾನು ಆಗ ಮಾಡಿದ್ದೇನು ಗೊತ್ತೇ? ಯಾರೂ ನೋಡದ ಹಾಗೆ ನಾಬನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿಟ್ಟೆ. ತಪ್ಪಿಗಿಂತ ಇದನ್ನು ಬರೆಯಲು ಹೆಚ್ಚು ನಾಚಿಕೆಯಾಗುತ್ತಿದೆ.

ಸಂಜೆ ನಿಮ್ಮ ಅಮ್ಮ ಬಂದಳು. "ಅಮ್ಮನ ಹತ್ರ ಇಂಥದ್ದೆಲ್ಲ ಬಿಡಬಾರದಿತ್ತು ಕಣ್ರೀ" ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ನಿಮ್ಮ ಪಪ್ಪ, "ಅತ್ತೆ ಏನು ಮಾಡ್ತಾರೆ, ಮೆಷಿನ್ನೇ ಸರಿಯಿಲ್ಲ. ಸೋಮವಾರ ವಾಪಸ್ ಕೊಟ್ಟು ದೊಡ್ಡದು ತರ್ತೀನಿ" ಎಂದರು. ಅವರು ನನ್ನ ಪರವಾಗಿ ಮಾತಾಡಿದ್ದು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಸೋಮವಾರ ನಾನೂ ಬರುತ್ತೇನೆಂದು ಪುಟ್ಟಿಯ ಕೈಲಿ ಹೇಳಿಸಿದೆ. ಕಾರಿನಲ್ಲಿ ನಾವಿಬ್ಬರೇ. ಹೇಳಿಬಿಡೋಣವೆಂದು ದಾರಿಯುದ್ದಕ್ಕೂ ಅಂದುಕೊಂಡೆ, ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ.

ಅಂಗಡಿಯವನು ರೇಡಿಯೋ ಹಚ್ಚಿ, ಇನ್ನೊಂದು ರೇಡಿಯೋದಿಂದ ನಮ್ಮ ಏಳನೆಯ ಚಾನೆಲ್ಲಿನಲ್ಲಿ ಮಾತಾಡಿ ನೋಡಿದ. ಸ್ಪಷ್ಟವಾಗಿ ಕೇಳಿಸಿತು. ಮೂರು ಸಲ ಮಾಡಿದ, ಮೂರು ಸಲವೂ ಕೇಳಿಸಿತು. ನಿಮ್ಮ ಪಪ್ಪ ಒಪ್ಪಲಿಲ್ಲ. ಇಲ್ಲಿ ಸರಿಯಿದೆ, ಮನೆಯಲ್ಲಿ ಸರಿಯಿರಲಿಲ್ಲ, ಮಕ್ಕಳು ನೀರಿನಲ್ಲಿದ್ದರು ಎಂದು ದನಿ ಏರಿಸಿದರು. ಸ್ವೀಡಿಶ್ ನನಗೆ ಅಷ್ಟಾಗಿ ಬಾರದು, ಆದರೆ ಅಂಗಡಿಯವನ ಕಿವಿ ಕೆಂಪಗಾದದ್ದು ಕಂಡಿತು. ತಾನು ಕೆಟ್ಟದ್ದನ್ನು ಕೊಟ್ಟೆನೇ ಎಂದು ಆ ಮನುಷ್ಯ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಅದರ ತಪ್ಪಲ್ಲ" ಎಂದೆ.

ನಿಮ್ಮ ಪಪ್ಪ ಹಿಂದೆ ನೋಡಿದರು, ನಾನು ಯಾರ ಜೊತೆ ಮಾತಾಡುತ್ತಿದ್ದೇನೆಂದು.

"ನಿಮಗೇ ಹೇಳ್ತಿದ್ದೇನೆ. ನಾಬು ತಿರುಗಿಸಿದ್ದು ನಾನು. ಸದ್ದಿಲ್ಲದೆ ಕೂರ್ಲಿಕ್ಕೆ ನನ್ನಿಂದ ಆಗಲಿಲ್ಲ. ಆಮೇಲೆ ಮುಚ್ಚಿಟ್ಟದ್ದೂ ನಾನೇ. ಮಗುವಿಗೆ ಜ್ವರ ಬಂದದ್ದು ನನ್ನಿಂದ."

ಅವರು ಅಂಗಡಿಯವನ ಕೈಯಿಂದ ರೇಡಿಯೋ ತೆಗೆದುಕೊಂಡು ಆ ನಾಬನ್ನು ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. "ಯಾಕೆ ಅತ್ತೆ?" ಎಂದರು. ಆ ಅಂಗಡಿಯಲ್ಲೇ, ಆಂಟೆನಾಗಳ ಸಾಲಿನ ಪಕ್ಕ ನಿಂತು, ಶೆಡ್ಡಿನ ಬೆಂಚಿನ ವಿಷಯವೆಲ್ಲ ಹೇಳಿದೆ. ನಿಮ್ಮ ಅಮ್ಮನಿಗೂ ಅದನ್ನು ನಾನು ಹೇಳಿರಲಿಲ್ಲ. ಅಂಗಡಿಯವನು ಒಂದು ಅಕ್ಷರ ತಿಳಿಯದಿದ್ದರೂ ಕೈಕಟ್ಟಿ ಕೇಳುತ್ತಿದ್ದ.

"ಇದನ್ನ ಶನಿವಾರಾನೇ ಹೇಳಿದ್ರೆ ನಾನು ಇವರ ಮೇಲೆ ಕೂಗಾಡ್ತಿರಲಿಲ್ಲ" ಎಂದರು ಪಪ್ಪ. ಅಂಗಡಿಯವನ ಕೈ ಹಿಡಿದು ಕ್ಷಮೆ ಕೇಳಿದರು. ರೇಡಿಯೋ ನನ್ನ ಕೈಗೆ ಕೊಟ್ಟರು. ಕಾರು ಹತ್ತಿದ ಮೇಲೆ, "ಮುಂದಿನ ಶನಿವಾರ ನಾನೊಬ್ಬನೇ ಹೋಗ್ತೀನಿ. ಕರೀತೀನಿ. ಕೇಳಿಸಿದ್ರೆ ನನಗೇ ಫೋನ್ ಮಾಡಿ ಹೇಳ್ಬೇಕು, ನಿಮ್ಮ ಮಗಳಿಗಲ್ಲ. ಆಮೇಲೆ ಮಕ್ಕಳನ್ನ ಕರ್ಕೊಂಡು ಹೋಗೋದಾ ಬೇಡ್ವಾ ನೋಡೋಣ" ಎಂದರು. ತಮಾಷೆಯ ದನಿಯಲ್ಲ.

ಆ ಶನಿವಾರ ನಾಬು ಮುಟ್ಟದೆ, ಕೈಗಳನ್ನು ಮಡಿಲಲ್ಲಿಟ್ಟು ಕೂತೆ. ಒಂದು ಗಂಟೆಯ ಮೇಲಾಯಿತು. ಯಂತ್ರ ಕಲ್ಲಿನ ಹಾಗೆ ಇತ್ತು. ಕೊನೆಗೆ ಪರದೆಯ ಮೇಲೆ ಏಳು ಬಂತು, "ಅತ್ತೆ, ಕೇಳಿಸ್ತಾ?" ಎಂದಿತು. ನಾನು ಫೋನ್ ಮಾಡಿ, "ಕೇಳಿಸಿತು. ಊಟಕ್ಕೆ ತಡ ಮಾಡಬೇಡಿ" ಎಂದೆ.

"ಪಪ್ಪನಿಗೆ ಹೇಳು" ಎನ್ನುವುದನ್ನು ನಾನು ಯಾಕೆ ನಿಲ್ಲಿಸಿದೆ ಎಂದು ಪುಟ್ಟಿ ಒಮ್ಮೆ ಕೇಳಿದ್ದಳು. ಇದೇ ಕಾರಣ.

ಚಿನ್ನು, ನಿನ್ನ ಆ ಎರಡು ದಿನದ ಜ್ವರಕ್ಕೆ ಅಮ್ಮಮ್ಮನನ್ನು ಕ್ಷಮಿಸು. ಪುಟ್ಟಿ, ನಿನ್ನ ಬಾಯಿಂದ ಹೇಳಿಸಿದ ಮಾತು ಸುಳ್ಳಾಗಿಯೇ ಉಳಿಯಲು ಬಿಟ್ಟದ್ದಕ್ಕೆ ನೀನೂ. ನೀವು ಕನ್ನಡವನ್ನು ಇನ್ನೂ ಅಕ್ಷರ ಕೂಡಿಸಿ ಓದುತ್ತೀರಿ, ಇಷ್ಟು ಉದ್ದದ್ದು ಈಗಲೇ ಓದಲಾರಿರಿ. ಇದನ್ನು ನಿಮ್ಮ ಕೈಗೆ ಕೊಡುವಾಗ ಇಷ್ಟು ಮಾತ್ರ ಬಾಯಲ್ಲೇ ಹೇಳುತ್ತೇನೆ: ಯಾರ ಕೈಲೂ ಓದಿಸಬೇಡಿ. ನಿಮ್ಮ ಜನನ ಪತ್ರಗಳಿರುವ ಫೈಲಿನಲ್ಲಿ ಈ ಹಾಳೆಗಳನ್ನು ಸೇರಿಸಿಡಿ, ಮನೆ ಬದಲಿಸುವಾಗ ಬಿಟ್ಟು ಹೋಗಬೇಡಿ, ಒದ್ದೆಯಾಗಲು ಬಿಡಬೇಡಿ. ನೀವೇ ಓದಿಕೊಳ್ಳುವ ದಿನದವರೆಗೆ ಅವು ಅಲ್ಲಿರಲಿ.