ಒಂಟಿಗಾಲಿನಲ್ಲಿ ನೋಡಿದ ಬೆಳಕು

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಖಾನಾಪುರದ ಹತ್ತಿರ ನಮ್ಮ ಮಾಮಾನ ಗದ್ದೆಯ ಮೇಲಿನ ಆಕಾಶ ಒಮ್ಮೆ ಬೆಳಗಿ ಆರಿತು. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ನನ್ನ ವೈಜ್ಞಾನಿಕ ಮನೋಭಾವವೇನೂ ಕಾರಣವಲ್ಲ. ಬೆಳಗಾವಿಯ ಕೊನೆಯ ಬಸ್ಸು ತಪ್ಪೀತೆಂದು ಗಳಿಗೆಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ಬಸ್ಸು ತಪ್ಪಿತು. ಅದರ ಹಿಂದೆಯೇ ಎಷ್ಟೋ ರಾತ್ರಿಗಳ ನಿದ್ದೆಯೂ ತಪ್ಪಿತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಆಗಷ್ಟೇ ಬಿ.ಎಸ್ಸಿ. ಮುಗಿಸಿ ಬೆಳಗಾವಿಯ ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯ ಆಫೀಸಿಗೆ ಸೇರಿದ್ದೆ. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಆ ವಯಸ್ಸಿನಲ್ಲಿ ಜಗತ್ತು ನಮ್ಮ ಉತ್ತರಕ್ಕಾಗಿಯೇ ಕಾದು ಕೂತಿದೆ ಅನ್ನಿಸುತ್ತಿರುತ್ತದೆ. ತಾಯಿಯ ತಮ್ಮನಾದ ಮಾಮಾ ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ‘ಶಾಣ್ಯಾಕಿ’, ಅಂದರೆ ಜಾಣೆ, ಅನ್ನತೊಡಗಿದ್ದ. ಅದು ಹೊಗಳಿಕೆಯೆಂದೇ ನಾನು ಬಹಳ ದಿನ ತಿಳಿದಿದ್ದೆ.

ಮಾಮಾನದೊಂದು ಪದ್ಧತಿಯಿತ್ತು. ಬೆಳಗಾವಿಯ ದೊಡ್ಡ ಗಣಪತಿಗಳನ್ನು ನೀರಿಗೆ ಕಳಿಸಿದ ಮರುದಿನ ಬಂದು, ಮಂಟಪ ಬಿಚ್ಚುವ ಹುಡುಗರ ಹತ್ತಿರ ಬೆಳ್ಳಿ ಬಣ್ಣದ ಚಮಕಿ ಪಟ್ಟಿಗಳನ್ನು ಕೇಳಿ, ಗೋಣಿಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದ. ಭತ್ತ ಹಾಲುಗಟ್ಟುವ ಹೊತ್ತಿಗೆ ಅವು ಗದ್ದೆಯ ಬಿದಿರು ಗಳಗಳನ್ನು ಏರುತ್ತಿದ್ದವು. ಗಾಳಿಗೆ ಪಟಪಟ ಬಡಿದುಕೊಂಡು ಬಿಸಿಲಿಗೆ ಹೊಳೆದರೆ ಗಿಳಿಗಳು ಹೆದರಿ ಪಕ್ಕದ ಗದ್ದೆಗೆ ಹೋಗುತ್ತವೆ. ಪಕ್ಕದ ಗದ್ದೆಯ ದಾದಾಪೀರ ಚಾಚಾ ಕೂಡ ಮಾಮಾನ ಜೊತೆಗೇ ಬಂದು ಅದೇ ಮಂಟಪದ ಪಟ್ಟಿ ಒಯ್ಯುತ್ತಿದ್ದುದರಿಂದ ಗಿಳಿಗಳು ಕೊನೆಗೆ ಎಲ್ಲಿಗೆ ಹೋಗುತ್ತಿದ್ದವೋ ತಿಳಿಯದು. ಆ ಸೀಮೆಯನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣಿಗೆ ಮೊದಲು ಬರುವುದು ಆ ನೋಟವೇ: ಊರಲ್ಲಿ ಮುಗಿದ ಹಬ್ಬ ಗದ್ದೆಯಲ್ಲಿ ಇನ್ನೂ ನಡೆದೇ ಇರುತ್ತಿತ್ತು.

ಅಂದು ಜಾಂಬೋಟಿ ಕಡೆಯಿಂದ ಮೋಡ ಇಳಿದಿತ್ತು. ಜೋರು ಗಾಳಿ. ಅಂಗಳದಲ್ಲಿ ಮಾಮಾ, ಮಾಮಿ ಮತ್ತು ನಾನು. ಗದ್ದೆಯ ಆಚೆ ತುದಿಯಲ್ಲಿ ನೀಲಿಯೂ ಹಸಿರೂ ಬೆರೆತ ಬೆಳಕು ಮೋಡದ ಹೊಟ್ಟೆಗೆ ತಾಗಿ ಮಾಯವಾಯಿತು. ಗಾಳಿ ನಮ್ಮಿಂದ ಅತ್ತ ಬೀಸುತ್ತಿದ್ದುದರಿಂದ ಸದ್ದೇನೂ ಕೇಳಲಿಲ್ಲ. ಮನೆಯ ಕರೆಂಟು ಹೋಯಿತು. ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಆ ಹೊತ್ತಿಗೆ ಕರೆಂಟು ಹೋಗದಿದ್ದರೇ ನಮಗೆ ಆಶ್ಚರ್ಯವಾಗುತ್ತಿತ್ತು.

“ಸಾಂಬ್ರಾದ ವಿಮಾನ ಇರಬೇಕು,” ಅಂದ ಮಾಮಾ.

“ವಿಮಾನ ಅಂದ್ರ ಸಪ್ಪಳ ಬ್ಯಾಡೇನ್ರಿ? ಅದು ದೇವರ ಸವಾರಿ,” ಅಂದಳು ಮಾಮಿ. ಆಕೆಯ ತವರು ಬೀಡಿ ಎಂಬ ಊರು. ಆಕಾಶದಲ್ಲಿ ಬೆಳಕು ಕಂಡರೆ ದೇವರು ದಾಟಿ ಹೋಗುವವರೆಗೆ ನಿಂತಲ್ಲೇ ನಿಲ್ಲಬೇಕೆಂದು ಆಕೆಗೆ ಆಕೆಯ ಅಜ್ಜಿ ಕಲಿಸಿದ್ದಳು.

ನನಗೆ ಇನ್ನೇನು ಬೇಕು? ಶುರು ಮಾಡಿದೆ. ಉಲ್ಕೆಯಾದರೆ ಗೆರೆ ಎಳೆದಂತೆ ಹೋಗುತ್ತದೆ, ಇದು ಹಾಗಿರಲಿಲ್ಲ. ದೂರದ ಮಿಂಚಾದರೆ ಮೋಡದ ತುಂಬ ಹರಡುತ್ತದೆ. ಭೂಕಂಪಕ್ಕೆ ಮೊದಲು ಆಕಾಶ ಬೆಳಗುತ್ತದೆ ಅನ್ನುವವರೂ ಇದ್ದಾರೆ. ಈಗೀಗ ಕೆಲವು ಉಪಗ್ರಹಗಳು ಕನ್ನಡಿಯಂತೆ ಸೂರ್ಯನ ಬೆಳಕು ತಿರುಗಿಸಿ ಕ್ಷಣಮಾತ್ರ ಝಗ್ಗೆಂದು ಹೊಳೆಯುತ್ತವೆ; ಇದು ಅದೇ. ಮೋಡದ ಮೇಲಿನ ಉಪಗ್ರಹ ಮೋಡದ ಕೆಳಗೆ ಹೇಗೆ ಹೊಳೆಯಿತೆಂದು ನನ್ನನ್ನು ನಾನೇ ಕೇಳಿಕೊಳ್ಳುವಷ್ಟರಲ್ಲಿ ಎರಡನೆಯ ಸಲ ಬೆಳಗಿತು.

“ಶಾಣ್ಯಾಕಿ, ನಿನ್ನ ಉಪಗ್ರಹ ಏನರ ಮರೆತು ಹೊಳ್ಳಿ ಬಂತೇನ?” ಅಂದ ಮಾಮಾ. “ಇರ್ರಿ, ಪಟ್ಟಿ ಹಾರಿ ಹೋದಾವೇನೋ, ನೋಡಿ ಬರ್ತೀನಿ.”

ಬದುವಿನ ಮೇಲೆ ಬರಿಗಾಲಿನಲ್ಲಿ ಹೊರಟ. ನಾವು ಬೇಲಿಯವರೆಗೆ ಹೋಗಿ ನಿಂತೆವು. ಬದು ಮುಗಿದು, ನೀರು ನಿಂತ ಗದ್ದೆಗೆ ಇಳಿಯಲು ಅವನು ಕಾಲೆತ್ತಿದ್ದ. ಮೂರನೆಯ ಸಲ ಬೆಳಗಿತು.

“ನಿಂದರ್ರಿ!” ಎಂದು ಮಾಮಿ ಕಿರುಚಿದಳು. “ಸವಾರಿ ಹೋಗೂತನಾ ಅಲ್ಲೇ ನಿಂದರ್ರಿ!”

ಮಾಮಾನಿಗೆ ದೇವರ ಭಯ ಎಷ್ಟಿತ್ತೋ, ಮಾಮಿಯ ಭಯವಂತೂ ಇತ್ತು. ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ಕೊಕ್ಕರೆಯ ಹಾಗೆ ನಿಂತ. ಆ ಬೆಳಕಿನಲ್ಲಿ ನಾನು ನೋಡಿದೆ. ಗದ್ದೆಯ ಮೇಲೆ ಹಾದುಹೋದ ದೊಡ್ಡ ಲೈನಿಗೆ ಒಂದು ಚಮಕಿ ಪಟ್ಟಿ ಸುತ್ತಿಕೊಂಡು ಕಿಡಿ ಉದುರಿಸುತ್ತಿತ್ತು. ಹರಿದ ತಂತಿಯೊಂದು ಕಂಬದಿಂದ ಇಳಿಬಿದ್ದು, ಮಾಮಾನ ಕಾಲು ಇಳಿಯಬೇಕಾಗಿದ್ದ ಅದೇ ನೀರಿನಲ್ಲಿ ಬುಸುಗುಡುತ್ತಿತ್ತು.

“ಮಾಮಾ, ತಂತಿ! ನೀರಾಗ ತಂತಿ ಬಿದ್ದದ!” ಎಂದು ನಾನು ಕೂಗಿದ ದನಿ ನನ್ನದೆಂದು ನನಗೇ ಗುರುತು ಹತ್ತಲಿಲ್ಲ. ಅವನು ಕಾಲನ್ನು ಮೆಲ್ಲಗೆ ಹಿಂದಕ್ಕೆ, ಒಣ ಬದುವಿನ ಮೇಲೆ ಇಟ್ಟು, ಬಂದ ದಾರಿಯಲ್ಲೇ ನಮ್ಮ ಹತ್ತಿರ ಬಂದ. ಕೂಗು ಕೇಳಿ ಓಡಿ ಬಂದ ದಾದಾಪೀರ ಚಾಚಾ ಮೋಟಾರ್ ಸೈಕಲ್ ಹತ್ತಿ ಲೈನ್‌ಮನ್ನನನ್ನು ಕರೆತಂದು ಲೈನು ಬಂದ್ ಮಾಡಿಸುವವರೆಗೆ ನಾವು ಮೂವರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ನಿಂತಿದ್ದೆವು.

ಆಮೇಲೆ ಮಾಮಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ಗಾಳಿ, ಪಟ್ಟಿ, ಎರಡು ತಂತಿಗಳ ನಡುವಿನ ಕಿಡಿ. ದೇವರ ಸವಾರಿ ಅಲ್ಲ. ಆಕೆ ಶಾಂತವಾಗಿ ಕೇಳಿ, “ಆ ಪಟ್ಟಿ ಗಣಪ್ಪನ ಮಂಟಪದ್ದು ಹೌದಲ್ಲ?” ಅಂದಳು.

ಬೆಳಗಾವಿಗೆ ಮರಳಿದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಉದ್ಯಮಬಾಗದಲ್ಲಿ ಕಬ್ಬಿಣ ಸುರಿದಾಗ ಮೋಡ ಕೆಂಪಗಾಗುತ್ತಿತ್ತು, ನಾನು ಎದ್ದು ಕೂಡುತ್ತಿದ್ದೆ. ರಸ್ತೆಯ ಲಾರಿಯ ದೀಪ ಗೋಡೆಯ ಮೇಲೆ ಹಾದರೂ ಆ ಕಾಲು ಕಾಣುತ್ತಿತ್ತು, ಕೆಸರು ಮೆತ್ತಿದ, ಗಾಳಿಯಲ್ಲಿ ನಿಂತ ಕಾಲು. ಪ್ರತಿ ಬೆಳಕಿಗೂ ನನ್ನ ಹತ್ತಿರ ಕಾರಣವಿತ್ತು. ಕಾರಣ ಗೊತ್ತಿದ್ದ ಮಾತ್ರಕ್ಕೆ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ ಎಂಬುದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಕೊಯ್ಲು ಮುಗಿದ ಮೇಲೆ ಹೊಸ ಅಕ್ಕಿಯ ಊಟಕ್ಕೆ ಮಾಮಾ ಕರೆದ. ರಾತ್ರಿ ಉಂಡು ಪಡಸಾಲೆಯಲ್ಲಿ ಮಲಗಿದವಳು ಬೆಳಿಗ್ಗೆ ಎದ್ದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಅಂಗಳ ಒದ್ದೆಯಾಗಿತ್ತು.

“ಹೊತ್ತಿಲ್ಲದ ಹೊತ್ತಿಗೆ ಅವಕಾಳಿ ಮಳಿ. ರಾತ್ರಿಯೆಲ್ಲಾ ಆಕಾಶ ಹರದಂಗ ಮಿಂಚಿತು. ನೀ ಮಗ್ಗಲಾನೂ ಹೊಳ್ಳಲಿಲ್ಲ,” ಎಂದು ಚಹಾ ಕೊಡುತ್ತ ಅಂದಳು ಮಾಮಿ.

“ಮಾಮಾ ಎಲ್ಲೆ?”

“ಇನ್ನೂ ಮಲಗ್ಯಾರ. ಪಾಪ, ನೀರು ಕುಡಿಯಾಕಂತ ಎದ್ದಿದ್ರು,” ಎಂದು ಆಕೆ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಮಿಂಚು ನಿಲ್ಲೂತನಾ ನಿನ್ನ ಹಾಸಿಗಿ ಬಾಜೂಕ ಒಂಟಿಗಾಲಾಗ ನಿಂತಿದ್ರು.”